ಬಲಗಣ್ಣು ಮಸುಕಾದ ವರ್ಷ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ನನ್ನ ಹೆಂಡತಿ ಪ್ರೇಮಾಳ ಕಣ್ಣಿನ ಪೊರೆ ತೆಗೆಸಿದೆವು. ಒಳಗೆ ಕರೆದುಕೊಂಡು ಹೋದವರು, ನಾನು ಪತ್ರಿಕೆಯ ಎರಡನೆಯ ಪುಟ ಮುಗಿಸುವುದರೊಳಗೆ ಹೊರಗೆ ತಂದು ಕೂರಿಸಿದರು. ಚುಚ್ಚುಮದ್ದಿಲ್ಲ, ಹೊಲಿಗೆಯಿಲ್ಲ, ಹಾಸಿಗೆಯೂ ಇಲ್ಲ. ಬಿಸ್ಕೀಟು ತಿಂದು, ಚಹಾ ಕುಡಿದು, ಕಪ್ಪು ಕನ್ನಡಕ ಹಾಕಿಕೊಂಡು ಆಟೋ ಹತ್ತಿದಳು. ಆಟೋದಲ್ಲಿ ಅವಳು ನನ್ನ ಕಡೆ ವಾಲಿದಾಗ, ಕಣ್ಣಿನ ಸುತ್ತ ಬಳಿದಿದ್ದ ಕಂದು ಬಣ್ಣದ ಔಷಧಿಯ ವಾಸನೆ ಬಂತು. ಮೂವತ್ತು ವರ್ಷಗಳ ಹಿಂದೆ ಅದೇ ವಾಸನೆ ನನ್ನ ಮುಖದ ಮೇಲೂ ಇತ್ತು. ಮನೆಗೆ ಬರುವವರೆಗೆ ನಾನು ನಾಸಿಕದ ಆ ವರ್ಷವನ್ನೇ ಯೋಚಿಸುತ್ತಿದ್ದೆ.

ತೊಂಬತ್ತೊಂದೋ ತೊಂಬತ್ತೆರಡೋ ಇರಬೇಕು. ನನಗೆ ಮೂವತ್ತೆಂಟು. ಗದಗದಿಂದ ಡಿಪ್ಲೊಮಾ ಮುಗಿಸಿ ಹೋದವನು ನಾಸಿಕದ ಹೊರವಲಯದ ಒಂದು ಖಾಸಗಿ ಕಾರ್ಖಾನೆಯಲ್ಲಿ ತಪಾಸಣೆಗಾರನಾಗಿದ್ದೆ. ಅಲ್ಲಿ ಜೀಪು, ಟೆಂಪೋಗಳ ಸ್ಟಿಯರಿಂಗಿಗೆ ಬೇಕಾದ ಬಾಲ್ ಪಿನ್‌ಗಳು ತಯಾರಾಗುತ್ತಿದ್ದವು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ತುದಿಯಲ್ಲಿ ಗುಂಡನೆಯ ತಲೆಯುಳ್ಳ ಉಕ್ಕಿನ ಪಿನ್ನು. ಚಾಲಕ ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ತಿರುಗುವುದು ಇದರ ಮೂಲಕ. ಸಾಣೆ ಹಿಡಿಯುವಾಗ ಉಕ್ಕು ಬಿಸಿಯಾಗಿ ಕೆಲವೊಮ್ಮೆ ಕೂದಲೆಳೆಯಷ್ಟು ಸಣ್ಣ ಬಿರುಕು ಬೀಳುತ್ತದೆ. ಆ ಬಿರುಕನ್ನು ಹುಡುಕುವುದೇ ನನ್ನ ಕೆಲಸ. ಪಿನ್ನನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದರೆ, ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ತೆಳ್ಳನೆಯ ಗೆರೆಯಾಗಿ ಏಳುತ್ತದೆ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದೀಪದ ಕೆಳಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಬೇಕು. ಗೆರೆ ಇಲ್ಲದಿದ್ದರೆ ನನ್ನ ಮೊಹರು ಬೀಳುತ್ತದೆ. ಪೆಟ್ಟಿಗೆ ತುಂಬಿದ ಮೇಲೆ ನಮ್ಮ ಮುಖ್ಯಸ್ಥರಾದ ಚೌಗುಲೆ ನಾಲ್ಕಾರು ಪಿನ್ನುಗಳನ್ನು ಎತ್ತಿ ನೋಡಿ ಸಹಿ ಹಾಕುತ್ತಾರೆ. ಅವರು ಬೆಳಗಾವಿಯವರು, ಮನೆಮಾತು ಮರಾಠಿ. ನನ್ನ ಜೊತೆ ಮಾತ್ರ ಕನ್ನಡ ಆಡುತ್ತಿದ್ದರು.

ನಮ್ಮ ಬಾಡಿಗೆ ಮನೆ ಮಖಮಲಾಬಾದ್ ಕಡೆ ದ್ರಾಕ್ಷಿ ತೋಟಗಳಿಗೆ ಹೊಂದಿಕೊಂಡಿತ್ತು. ಚಳಿಗಾಲ ಬಂತೆಂದರೆ ಬಳ್ಳಿಗಳಿಗೆ ಗಂಧಕದ ಪುಡಿ ಹೊಡೆಯುತ್ತಿದ್ದರು. ಬೆಳಿಗ್ಗೆ ಗಾಳಿ ನಮ್ಮ ಕಡೆ ತಿರುಗಿದರೆ ಬಾಗಿಲ ಚಿಲಕದ ಮೇಲೂ ಹಳದಿ ಧೂಳು ಕೂರುತ್ತಿತ್ತು. ನನ್ನ ಕಣ್ಣುಗಳು ಕೆಂಪಾಗಿ ತುರಿಸುತ್ತಿದ್ದವು, ಅದರಲ್ಲೂ ಭೂತಗನ್ನಡಿ ಹಿಡಿಯುವ ಬಲಗಣ್ಣು. ಅದಕ್ಕೂ ನಾಲ್ಕು ವರ್ಷ ಮೊದಲು ಬೀದಿಯ ಮೆಡಿಕಲ್ ಅಂಗಡಿಯವನು ಒಂದು ಹನಿ ಔಷಧಿ ಕೊಟ್ಟಿದ್ದ. ಹಾಕಿದ ಮಾರನೆಯ ದಿನವೇ ಕೆಂಪು ಮಾಯ. ಅಂದಿನಿಂದ ಪ್ರತಿ ಚಳಿಗಾಲವೂ ಅದೇ ಬಾಟಲಿ. ಚಳಿಗಾಲ ಮುಗಿದ ಮೇಲೂ ಅದೇ. ಸಂಜೆ ಕೆಲಸದಿಂದ ಬಂದು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂರುತ್ತಿದ್ದೆ, ಪ್ರೇಮಾ ರೆಪ್ಪೆ ಬಿಡಿಸಿ ಹನಿ ಬಿಡುತ್ತಿದ್ದಳು. ಬಲಗಣ್ಣಿಗೆ ಎರಡು, ಎಡಗಣ್ಣಿಗೆ ಎಂದಾದರೊಂದು.

ಆ ವರ್ಷ ದೀಪಾವಳಿಯ ನಂತರ ನನ್ನ ಮೇಜಿನ ದೀಪ ಸಾಲದೆನಿಸತೊಡಗಿತು. ಅರವತ್ತರ ಬಲ್ಬು ತೆಗೆಸಿ ನೂರರದು ಹಾಕಿಸಿದೆ. ಇನ್ನಷ್ಟು ಮಬ್ಬಾಯಿತು. ಸುಣ್ಣದ ಪುಡಿ ಸರಿಯಿಲ್ಲ ಎಂದು ಸ್ಟೋರಿನವನ ಜೊತೆ ಜಗಳವಾಡಿದೆ. ಕಣ್ಣಿನ ಮೇಲೆ ಅನುಮಾನ ಬರಲಿಲ್ಲ, ಏಕೆಂದರೆ ಸಂಜೆಯ ಮಸುಕು ಬೆಳಕಿನಲ್ಲಿ ಮನೆಗೆ ಸೈಕಲ್ ತುಳಿಯುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

ಜನವರಿಯ ಒಂದು ಭಾನುವಾರ ಔರಂಗಾಬಾದಿನಿಂದ ಪ್ರೇಮಾಳ ಅಕ್ಕ ಬಂದಿದ್ದಳು. ಇಂದು ಛತ್ರಪತಿ ಸಂಭಾಜಿನಗರ ಎನ್ನುವ ಊರು ಅದು. ಅವಳ ಗಂಡ ಬ್ಯಾಂಕಿನವರು, ವಿಜಾಪುರದಿಂದ ಅಲ್ಲಿಗೆ ವರ್ಗವಾಗಿದ್ದರು. ಅವಳನ್ನು ತ್ರ್ಯಂಬಕೇಶ್ವರಕ್ಕೆ ಕರೆದೊಯ್ಯಲು ಮಧ್ಯಾಹ್ನ ಇಳಿದ ಮೇಲೆ ಬಾಡಿಗೆ ಜೀಪು ಹಿಡಿದೆವು. ಚಾಲಕ ಹದಿನಾಲ್ಕು ಜನರನ್ನು ತುಂಬಿದ್ದ. ಹೆಂಗಸರು ಹಿಂದೆ, ನಾನು ಅವನ ಪಕ್ಕ. ದಾರಿ ತಿರುಗಿದಲ್ಲೆಲ್ಲ ಇಳಿಬಿಸಿಲು ಗಾಜಿಗೆ ನೇರ ಬಂದು ಬಡಿಯುತ್ತಿತ್ತು. ಒಂದು ತಿರುವಿನಲ್ಲಿ ಚಾಲಕ ಏನೋ ಬೈದು ಬ್ರೇಕ್ ಒತ್ತಿದ. ಎದುರಿಗೆ ಹುಲ್ಲು ಹೇರಿದ ಎತ್ತಿನಗಾಡಿ. ಜೀಪು ಅದರಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಭೂತಗನ್ನಡಿಯ ಅಭ್ಯಾಸಕ್ಕೆ ಬಿಸಿಲಿನಲ್ಲಿ ನನ್ನ ಎಡಗಣ್ಣು ತಾನೇ ಮುಚ್ಚಿಕೊಂಡಿತ್ತು, ನಿಂತ ಮೇಲೂ ಅದು ಗಾಡಿಯೆಂದು ಗೊತ್ತಾಗಲಿಲ್ಲ; ಬೆಳಕಿನೊಳಗೆ ಒಂದು ಕಲೆಯಷ್ಟೇ ಇತ್ತು.

ಜೀಪು ಮತ್ತೆ ಹೊರಟಾಗ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದೆ. ಗಾಜಿನ ತುಂಬ ಹಾಲು ಚೆಲ್ಲಿದಂತೆ ಬಿಳುಪು. ಬಲಗಣ್ಣನ್ನು ಮುಚ್ಚಿದೆ. ದಾರಿ, ಗಾಡಿ, ಎತ್ತಿನ ಕೊಂಬಿನ ಕೆಂಪು ಬಣ್ಣ, ಎಲ್ಲವೂ ಕಂಡವು. ಹೀಗೆ ಮೂರು ನಾಲ್ಕು ಬಾರಿ ಮಾಡಿದೆ. ಚಾಲಕ ತಲೆನೋವೇ ಎಂದು ಕೇಳಿದ, ಹೌದೆಂದೆ. ಆಮೇಲೆ ನನ್ನ ದೃಷ್ಟಿ ಅವನ ಕೈಯಲ್ಲಿದ್ದ ಸ್ಟಿಯರಿಂಗ್ ಮೇಲೆಯೇ ಇತ್ತು. ಅದರ ಕೆಳಗೆ, ಚಕ್ರದ ಬಳಿ, ಯಾರೋ ಒಬ್ಬ ತಪಾಸಣೆಗಾರ ಸರಿಯೆಂದು ಮೊಹರು ಒತ್ತಿದ ಪಿನ್ನಿತ್ತು. ಹಿಂದೆ ನನ್ನ ಹೆಂಡತಿ ಕೂತಿದ್ದಳು.

ಸೋಮವಾರ ಬೆಳಿಗ್ಗೆ ಚೌಗುಲೆಯವರಿಗೆ ಹೇಳಿದೆ. ದೀಪಾವಳಿಯಿಂದ ಈಚೆಗೆ ನಾನು ನೋಡಿದ ಮಾಲನ್ನೆಲ್ಲ ಇನ್ನೊಬ್ಬರು ನೋಡಬೇಕು ಎಂದೆ. ಅವರು ಬಾಗಿಲು ಹಾಕಿದರು.

"ಬಡಿಗೇರ, ಈ ಮಾತು ಇಲ್ಲೇ ಬಿಡು. ರಜಾ ತಗೊ, ಕಣ್ಣು ತೋರ್ಸು. ಹ್ವಾದ ಮಾಲು ಹ್ವಾತು."

"ಗೋದಾಮಿನ್ಯಾಗ ಇನ್ನೂ ಪೆಟಗಿ ಅದಾವಲ್ರಿ ಸಾಹೇಬ್ರ. ಅವನ್ನರೆ ನೋಡೂಣು."

"ನೀ ನೋಡಿದ್ದರ ಮ್ಯಾಲೆ ನನ್ನ ಸಹಿ ಐತಿ. ಅದರ ಅರ್ಥ ಏನಂತ ತಿಳೀತೈತಿ ನಿನಗ?"

ತಿಳಿಯುತ್ತದೆ ಎಂದೆ. ಮಧ್ಯಾಹ್ನ ಅದನ್ನೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಓದಿ, ಪೇಪರ್‌ವೇಟಿನ ಕೆಳಗಿಟ್ಟರು. ಎರಡು ದಿನ ಅದು ಅಲ್ಲಿಯೇ ಇತ್ತು. ಮೂರನೆಯ ದಿನ ಗೋದಾಮಿನ ಪೆಟ್ಟಿಗೆಗಳನ್ನು ತರಿಸಿ ಇನ್ನೊಬ್ಬ ತಪಾಸಣೆಗಾರನನ್ನು ಕೂರಿಸಿದರು. ಆಗಲೇ ಕಳಿಸಿದ್ದ ಮಾಲನ್ನು ಹಾಗೆಯೇ ಹಿಡಿದಿಡಲು ಗಿರಾಕಿಗಳಿಗೆ ತಂತಿ ಹೋಯಿತು. ಸಂಜೆ ನನ್ನನ್ನು ಕರೆದರು. ಮೇಜಿನ ಮೇಲೆ ಬಟ್ಟೆ ಹಾಸಿ ನಾಲ್ಕು ಪಿನ್ನುಗಳನ್ನು ಸಾಲಾಗಿ ಇಟ್ಟಿದ್ದರು. ಎಡಗಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದೆ. ನಾಲ್ಕರ ಕುತ್ತಿಗೆಯಲ್ಲೂ ಬಿರುಕಿನ ಗೆರೆ ಪೆನ್ಸಿಲಿನಿಂದ ಎಳೆದಷ್ಟು ಸ್ಪಷ್ಟವಾಗಿತ್ತು. ಬಲಗಣ್ಣಿಗೆ ಹಿಡಿದೆ. ಬರೀ ಹೊಳಪು. ನಾಲ್ಕರ ಮೇಲೂ ನನ್ನ ಮೊಹರಿತ್ತು. ಮರುದಿನದಿಂದ ನನ್ನನ್ನು ಅಳತೆಯ ಉಪಕರಣಗಳನ್ನು ಎಣಿಸಿ ಕೊಡುವ ಕೋಣೆಗೆ ಹಾಕಿದರು. ಮುಂದೆ ಕಳಿಸಿದ್ದ ಪೆಟ್ಟಿಗೆಗಳೂ ಮರಳಿ ಬಂದವು. ಅದೃಷ್ಟಕ್ಕೆ ಒಂದು ಪಿನ್ನೂ ವಾಹನಕ್ಕೆ ಕೂತಿರಲಿಲ್ಲ.

ನಾಸಿಕದ ವಯಸ್ಸಾದ ಕಣ್ಣಿನ ಡಾಕ್ಟರರೊಬ್ಬರು ನೋಡಿ, ಮೋತಿಬಿಂದು, ಅಂದರೆ ಪೊರೆ, ಇನ್ನೂ ಹಸಿ ಇದೆ, ಹಣ್ಣಾಗಲಿ, ವರ್ಷ ಬಿಟ್ಟು ಬನ್ನಿ ಎಂದರು. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಪ್ರೇಮಾಳ ಅಕ್ಕ ಒಪ್ಪಲಿಲ್ಲ. ಔರಂಗಾಬಾದಿನಲ್ಲಿ ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವ ಹೆಣ್ಣು ಡಾಕ್ಟರೊಬ್ಬರು ಕಣ್ಣೊಳಗೇ ಮಸೂರ ಕೂರಿಸುತ್ತಾರೆ, ಬಂದು ತೋರಿಸಿ ಎಂದು ಕಾಗದ ಬರೆದಳು. ಯೇವಲಾ, ವೈಜಾಪುರದ ಮೇಲಿಂದ ಹೋಗುವ ಬಸ್ಸಿನಲ್ಲಿ ಹೋದೆವು.

ಡಾಕ್ಟರ್ ಬಾಯಿ ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡಿದರು. ಆಮೇಲೆ ಚೀಟಿಯ ಹಿಂದೆ ಕಣ್ಣಿನ ಚಿತ್ರ ಬರೆದು ಮರಾಠಿಯಲ್ಲಿ ವಿವರಿಸಿದರು. ಪೊರೆಯೆಂದರೆ ಕಣ್ಣಿನ ಮೇಲೆ ಬೆಳೆಯುವ ಸಿಪ್ಪೆಯಲ್ಲ, ಒಳಗಿರುವ ಮಸೂರವೇ ಮಬ್ಬಾಗುವುದು. ವಯಸ್ಸಾದಂತೆ ಎಲ್ಲರಿಗೂ ಆಗುತ್ತದೆ. ನನ್ನದು ಮಸೂರದ ಹಿಂಭಾಗದಲ್ಲಿ, ನಟ್ಟನಡುವೆ ಕೂತಿತ್ತು. ಬೆಳಕು ಜೋರಾದಾಗ ಪಾಪೆ ಕಿರಿದಾಗಿ ನೋಟವೆಲ್ಲ ಆ ಮಬ್ಬಿನ ಮೂಲಕವೇ ಹಾಯಬೇಕು. ಬೆಳಕು ಕಡಿಮೆಯಾದರೆ ಪಾಪೆ ಹಿಗ್ಗಿ, ಪಕ್ಕದಿಂದ ಬೆಳಕು ನುಸುಳುತ್ತದೆ. ನೂರರ ಬಲ್ಬು ಯಾಕೆ ಕೆಲಸ ಮಾಡಲಿಲ್ಲವೆಂದು ಆಗ ಅರ್ಥವಾಯಿತು. ಈ ವಯಸ್ಸಿಗೆ ಇದು ಯಾಕೆ ಬಂತೆಂದು ಕೇಳಿದೆ. ಕಣ್ಣಿಗೆ ಏನಾದರೂ ಹಾಕುತ್ತೀರಾ ಎಂದರು. ಪ್ರೇಮಾ ಚೀಲದಿಂದ ಬಾಟಲಿ ತೆಗೆದಳು. ಡಾಕ್ಟರ್ ಅದರ ಮೇಲಿನ ಅಕ್ಷರ ಓದಿ, ಇದರಲ್ಲಿ ಸ್ಟೀರಾಯ್ಡ್ ಇದೆ, ಡಾಕ್ಟರರು ಹೇಳಿದಷ್ಟು ದಿನ ಹಾಕಿ ನಿಲ್ಲಿಸಬೇಕಾದ ಔಷಧಿ, ವರ್ಷಗಟ್ಟಲೆ ಹಾಕಿದರೆ ಹೀಗಾಗುತ್ತದೆ ಎಂದರು. ಕಣ್ಣಿನ ಒತ್ತಡವನ್ನೂ ಅಳೆದರು. ಅದು ಏರಿರಲಿಲ್ಲ, ಏರಿದ್ದರೆ ಹೋದ ದೃಷ್ಟಿ ಮರಳುತ್ತಿರಲಿಲ್ಲವಂತೆ. ಹನಿ ಅಂದೇ ನಿಂತಿತು.

ಹಣ್ಣಾಗುವವರೆಗೆ ಕಾಯಬೇಕಿಲ್ಲ, ಕೆಲಸಕ್ಕೆ ಅಡ್ಡಿಯಾದಾಗ ತೆಗೆಯಬಹುದು ಎಂದರು. ಹಳೆಯ ಕ್ರಮದಲ್ಲಿ ಮಸೂರ ತೆಗೆದು ದಪ್ಪ ಕನ್ನಡಕ ಕೊಡುತ್ತಾರೆ. ಒಂದು ಕಣ್ಣಿಗಷ್ಟೇ ಹಾಗೆ ಮಾಡಿದರೆ ಆ ಕಣ್ಣಿಗೆ ಎಲ್ಲವೂ ದೊಡ್ಡದಾಗಿ ಕಂಡು ಎರಡೂ ಕಣ್ಣು ಹೊಂದುವುದಿಲ್ಲ. ಹಾಗಾಗಿ ನನಗೆ ಒಳಗೇ ಮಸೂರ ಕೂರಿಸಬೇಕು. ಓದಲು ಕನ್ನಡಕ ಆಮೇಲೂ ಬೇಕಾಗುತ್ತದೆ. ಎಲ್ಲವೂ ಸರಿಹೋಗುವುದೇ ಹೆಚ್ಚು, ಆದರೆ ಸೋಂಕಾದರೆ ಕಣ್ಣು ಹೋಗಲೂಬಹುದು, ಅದನ್ನು ಮುಚ್ಚಿಡುವುದಿಲ್ಲ ಎಂದರು. ನನಗೆ ಆ ಮಾತಿನ ರೀತಿ ಹಿಡಿಸಿತು. ಸಹಿ ಮಾಡಿದೆ.

ಮರಳುವ ಬಸ್ಸು ಯೇವಲಾ ದಾಟಿತು. ಪ್ರೇಮಾ ಕಿಟಕಿಯ ಕಡೆ ಮುಖ ಮಾಡಿಯೇ, "ನಾಲ್ಕು ವರ್ಷ ನನ್ನ ಕೈಲೇ ಹಾಕೀನ್ರಿ" ಎಂದಳು. ಗೊತ್ತಿರಲಿಲ್ಲವಲ್ಲ ಎಂದೆ. ಅದರಿಂದ ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮರುದಿನ ಮನೆಯಲ್ಲಿ ಉಳಿದಿದ್ದ ಎರಡು ಬಾಟಲಿ ತೆಗೆದುಕೊಂಡು ಮೆಡಿಕಲ್ ಅಂಗಡಿಗೆ ಹೋದಳು. ನಾಲ್ಕು ಗಿರಾಕಿಗಳು ನಿಂತಿದ್ದಾಗಲೇ ಅವನ್ನು ಗಾಜಿನ ಮೇಲಿಟ್ಟು, ಇದು ಏನು ಮಾಡುತ್ತದೆಂದು ನಿನಗೆ ಗೊತ್ತಿತ್ತೇ ಎಂದು ಮರಾಠಿಯಲ್ಲಿ ಕೇಳಿದಳಂತೆ. ಎಲ್ಲರೂ ಕೇಳಿ ಒಯ್ಯುತ್ತಾರೆ ತಾಯಿ ಎಂದನಂತೆ ಅವನು. ಅವಳು ಬಾಟಲಿಗಳನ್ನು ಅಲ್ಲಿಯೇ ಬಿಟ್ಟು ಬಂದಳು. ಆ ಅಂಗಡಿಗೆ ನಾವು ಮತ್ತೆ ಹೋಗಲಿಲ್ಲ.

ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂದ ಹೊತ್ತಿಗೆ ಆಪರೇಷನ್ ಆಯಿತು. ರೆಪ್ಪೆಯ ಕೂದಲು ಕತ್ತರಿಸಿದರು. ಗಂಟೆಗಟ್ಟಲೆ ಹನಿ ಹಾಕಿದರು. ಕಣ್ಣಿನ ಪಕ್ಕಕ್ಕೆ ಕೊಟ್ಟ ಚುಚ್ಚುಮದ್ದೊಂದೇ ನೋವು; ನಂತರ ಆ ಭಾಗ ನನ್ನದಲ್ಲವೆನ್ನುವಂತಾಯಿತು. ಕಂದು ಔಷಧಿ ಬಳಿದು ಮುಖಕ್ಕೆ ಹಸಿರು ಬಟ್ಟೆ ಮುಚ್ಚಿದರು. ಎಚ್ಚರವಾಗಿಯೇ ಇದ್ದೆ. ಕಣ್ಣಿಗೆ ಬೆಳಕಿನ ಗುಂಡೊಂದು ನೀರಿನಲ್ಲಿ ಕದಲಿದಂತೆ ಕಾಣುತ್ತಿತ್ತು, ಅಷ್ಟೇ. ಅಲುಗಾಡಬಾರದು, ಕೆಮ್ಮು ಬಂದರೆ ಮೊದಲೇ ಹೇಳಬೇಕು ಎಂದಿದ್ದರು. ಡಾಕ್ಟರ್ ನರ್ಸಿಗೆ ಉಪಕರಣ ಕೇಳುವ ದನಿ, ಲೋಹದ ತಟ್ಟೆಯ ಸದ್ದು. ಮುಕ್ಕಾಲು ಗಂಟೆಯಾಗಿರಬೇಕು. ಕೊನೆಯಲ್ಲಿ ಹೊಲಿಗೆ ಹಾಕುವಾಗ ದಾರ ಎಳೆಯುವುದು ತಿಳಿಯುತ್ತಿತ್ತು, ನೋಯುತ್ತಿರಲಿಲ್ಲ.

ಕೋಣೆಯಲ್ಲಿ ನನ್ನ ಪಕ್ಕದ ಮಂಚದವರು ಖುಲ್ತಾಬಾದಿನ ಇಸ್ಮಾಯಿಲ್ ಎಂಬ ಟಾಂಗಾವಾಲಾ, ಅರವತ್ತೈದರವರು. ಖುಲ್ತಾಬಾದಿನಿಂದ ವೇರೂಳಿನ ಗುಹಾದೇವಾಲಯಗಳಿಗೆ ಯಾತ್ರಿಕರನ್ನು ಒಯ್ಯುತ್ತಿದ್ದರು. ಎರಡೂ ಕಣ್ಣಿನ ಪೊರೆ ಹಣ್ಣಾಗಿ ಮುದುಡುವವರೆಗೆ ಬಿಟ್ಟಿದ್ದರು. ಅವರಿಗೆ ಹಳೆಯ ಕ್ರಮದ ಆಪರೇಷನ್ನೇ ಆಗಿತ್ತು. ಕಾಣದೆ ಟಾಂಗಾ ಹೇಗೆ ಹೊಡೆದಿರಿ ಎಂದು ಕೇಳಿದೆ. ಕುದುರೆಗೆ ದಾರಿ ಗೊತ್ತಿತ್ತು ಎಂದರು. ನಾಲ್ಕು ವರ್ಷ ಕುದುರೆಯೇ ಹೋಗುತ್ತಿತ್ತು, ತಾವು ಸುಮ್ಮನೆ ಲಗಾಮು ಹಿಡಿದು ಯಾತ್ರಿಕರಿಗೆ ಊರಿನ ಕತೆ ಹೇಳುತ್ತಿದ್ದರಂತೆ. ಮತ್ತೆ ಈಗ ಯಾಕೆ ಬಂದಿರಿ ಎಂದೆ.

"ವೋ ಘೋಡಾ ಮರ್ ಗಯಾ," ಎಂದರು. "ನಯಾ ವಾಲಾ ಮುಝೇ ಪೂಛ್‌ತಾ ಹೈ."

ಹಳೆಯದು ಸತ್ತಿತ್ತು, ಹೊಸ ಕುದುರೆ ದಾರಿಯನ್ನು ಅವರನ್ನೇ ಕೇಳುತ್ತಿತ್ತು. ನಾನು ನಕ್ಕೆ, ಆಮೇಲೆ ನಗಬಾರದೆಂದು ನೆನಪಾಗಿ ನಿಲ್ಲಿಸಿದೆ, ಹೊಲಿಗೆ ಹಸಿಯಿತ್ತು. ಪರೀಕ್ಷೆಗೆಂದು ಅವರಿಗೆ ದಪ್ಪ ಕನ್ನಡಕ ಹಾಕಿದ ದಿನ ನೀರಿನ ಲೋಟಕ್ಕೆ ಕೈ ಚಾಚಿ ಗೇಣು ಮೊದಲೇ ಗಾಳಿಯನ್ನು ಹಿಡಿದರು. ಲೋಟ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ, ಅಭ್ಯಾಸವಾಗುತ್ತದೆ ಎಂದು ನರ್ಸು ಹೇಳಿದಳು. ಅವರು ಎಂಟು ಹತ್ತು ಬಾರಿ ಮಾಡಿ ಲೋಟ ಹಿಡಿದೇಬಿಟ್ಟರು.

ನನ್ನ ಕಟ್ಟು ಬಿಚ್ಚಿದ್ದು ಆಪರೇಷನ್ನಿನ ಮರುದಿನ. ಮಂಜಿನ ಹೊರತು ಏನೂ ಕಾಣಲಿಲ್ಲ. ಡಾಕ್ಟರರ ಕೈ ಕಂಡಿತು, ಬೆರಳೆಷ್ಟೆಂದು ತಿಳಿಯಲಿಲ್ಲ. ಸೋಂಕಿಲ್ಲ, ಕಣ್ಣಿನ ಮುಂಭಾಗ ಬಾತಿದೆ, ಇಳಿಯುತ್ತದೆ ಎಂದರು. ನಾನು ನಂಬಲಿಲ್ಲ. ಆ ದಿನವೆಲ್ಲ ಒಂದೇ ಕಣ್ಣಿನವನಿಗೆ ಯಾವ ಯಾವ ಕೆಲಸ ಸಿಗುತ್ತದೆಂದು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಪಟ್ಟಿ ಉದ್ದವಿರಲಿಲ್ಲ. ಪ್ರೇಮಾ ಮಂಚದ ಪಕ್ಕ ಕೂತು ಹನಿ ಹಾಕುತ್ತಿದ್ದಳು, ಈ ಬಾರಿ ಚೀಟಿ ನೋಡಿ, ಗಡಿಯಾರ ನೋಡಿ. ನಾಲ್ಕನೆಯ ಬೆಳಿಗ್ಗೆ ಕಟ್ಟು ತೆಗೆದಾಗ ಎದುರಿನ ಗೋಡೆ ಕಂಡಿತು. ಬಿಳಿ ಗೋಡೆ. ಎಡಗಣ್ಣಿನಿಂದ ನೋಡಿದರೆ ಅದೇ ಗೋಡೆ ತೊಳೆದು ತೊಳೆದು ಹಳತಾದ ಧೋತರದ ಬಣ್ಣಕ್ಕಿತ್ತು. ಬಲಗಣ್ಣಿನಿಂದ ನೀಲಿ ಹಾಕಿ ಒಗೆದಂತೆ. ಇಷ್ಟು ದಿನ ಎಲ್ಲ ಗೋಡೆಗಳೂ ಹೀಗೆಯೇ ಇದ್ದವು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನ ಆರು ವಾರ ಪ್ರೇಮಾಳ ಅಕ್ಕನ ಮನೆಯಲ್ಲಿಯೂ ನಾಸಿಕದಲ್ಲಿಯೂ ಕಳೆದವು. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಬೀಳಬಾರದು, ಕಣ್ಣುಜ್ಜಬಾರದು. ಹೊಲಿಗೆ ಮರಳಿನ ಕಣದಂತೆ ಚುಚ್ಚುತ್ತಿತ್ತು. ಒಂದು ಹೊಲಿಗೆ ಬಿಚ್ಚಿದ ಮೇಲೆ ನೋಟ ಇನ್ನಷ್ಟು ನೇರವಾಯಿತು. ಮೇ ತಿಂಗಳಲ್ಲಿ ಕನ್ನಡಕ ಬಂತು. ಕಾರ್ಖಾನೆಯ ಡಾಕ್ಟರರ ಮುಂದೆ ಬೋರ್ಡಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿ ನನ್ನ ಮೇಜಿಗೆ ಮರಳಿದೆ. ನಾನು ಬರೆದುಕೊಟ್ಟ ಹಾಳೆ ಅಷ್ಟರಲ್ಲಿ ಮ್ಯಾನೇಜರರವರೆಗೆ ಹೋಗಿತ್ತು. ಇನ್ನು ಮುಂದೆ ಮಾಲಿನ ಮೇಲೆ ಮೊಹರು ಅಥವಾ ಸಹಿ ಹಾಕುವ ಪ್ರತಿಯೊಬ್ಬರಿಗೂ ಆರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆಯೆಂದು ಆದೇಶ ಬಂತು. ಮೊದಲ ಪರೀಕ್ಷೆ ಜುಲೈಯಲ್ಲಿ.

ಜುಲೈಯ ಮೊದಲ ಭಾನುವಾರ, ಮಳೆ ಸಣ್ಣಗೆ ಹಿಡಿದಿದ್ದ ಬೆಳಿಗ್ಗೆ, ಚೌಗುಲೆ ನಮ್ಮ ಮನೆಗೆ ಬಂದರು. ಹಿಂದೆಂದೂ ಬಂದವರಲ್ಲ. ಛತ್ರಿಯನ್ನು ಹೊರಗೆ ಬಿಟ್ಟು, ಹೊಸ್ತಿಲ ಬಳಿ ಕಾಲಿನಿಂದ ಮೆಟ್ಟಿಲು ತಡಕಿ ಒಳಗೆ ಬಂದದ್ದನ್ನು ನೋಡಿದೆ. ಪ್ರೇಮಾ ಅವಲಕ್ಕಿ ಕೊಟ್ಟಳು. ಮಳೆಯ ಮಾತಾಯಿತು, ಅವರ ಮಗಳ ಸಂಬಂಧದ ಮಾತಾಯಿತು. ಪ್ರೇಮಾ ಒಳಗೆ ಹೋದ ಮೇಲೆ ಅವರು ತಟ್ಟೆ ಕೆಳಗಿಟ್ಟರು.

"ಬಡಿಗೇರ, ಆ ಬೋರ್ಡಿನ ಕಡೀ ಎರಡು ಸಾಲಿನ್ಯಾಗ ಯಾವ ಅಕ್ಷರ ಅದಾವ?"

ನನಗೆ ನೆನಪಿದ್ದವು. ಎರಡೂ ಸಾಲು ಇಂದಿಗೂ ನೆನಪಿವೆ. ಮರೆತಿದ್ದೇನೆ ಎಂದೆ. ನಿವೃತ್ತಿಗೆ ಮೂರು ವರ್ಷವಿದೆ, ಮಗಳ ಮದುವೆ ಆಗಬೇಕಿದೆ ಎಂದು ಅವರು ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಜನವರಿಯಲ್ಲಿ ಬಾಗಿಲು ಹಾಕಿ ಮಾತಾಡಿದ ಮನುಷ್ಯ ಇವರೇ ಎಂದು ನೆನಪು ಮಾಡಿಕೊಂಡರೂ ಬರಲಿಲ್ಲ. ಯಾವಾಗಿನಿಂದ ಎಂದು ಕೇಳಿದೆ. ಈ ಮಳೆಗಾಲದಿಂದ ಅಷ್ಟೇ ಎಂದರು. ಆಮೇಲೆ, "ಭಾಳ ನೋಯತೈತಿ?" ಎಂದರು.

ನಾನು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಚುಚ್ಚುಮದ್ದು, ಹಸಿರು ಬಟ್ಟೆ, ದಾರ ಎಳೆಯುವುದು, ಮರುದಿನದ ಮಂಜು, ನಾಲ್ಕನೆಯ ದಿನದ ಗೋಡೆ. ವರ್ಷ ಕಾಯಬೇಕಿಲ್ಲವೆಂದೂ ಹೇಳಿದೆ, ಸೋಂಕಿನ ಮಾತನ್ನೂ ಹೇಳಿದೆ. ಅವರು ನಡುವೆ ಒಂದೆರಡು ಪ್ರಶ್ನೆ ಕೇಳಿದರು, ಮಾಲಿನ ಬಗ್ಗೆ ಕೇಳುವ ಹಾಗೆಯೇ. ಬುಧವಾರ ಇಬ್ಬರೂ ರಜೆ ಹಾಕಿ ಔರಂಗಾಬಾದಿನ ಬಸ್ಸು ಹತ್ತಿದೆವು.

ಡಾಕ್ಟರ್ ಬಾಯಿ ಚೌಗುಲೆಯವರ ಗದ್ದವನ್ನು ಯಂತ್ರಕ್ಕೆ ಆನಿಸಿ ಎರಡೂ ಕಣ್ಣು ನೋಡಿದರು. ವಯಸ್ಸಿನ ಪೊರೆ, ಎರಡರಲ್ಲೂ ಇದೆ, ಎಡಗಣ್ಣಿನದು ಹೆಚ್ಚು ಎಂದರು. ಚೀಟಿ ಎಳೆದುಕೊಂಡು ಹೆಸರು, ವಯಸ್ಸು ಬರೆದರು. ಕೆಲಸವೇನೆಂದು ಕೇಳಿದರು. ಕಾರ್ಖಾನೆಯಲ್ಲಿ ತಪಾಸಣೆಯ ಮುಖ್ಯಸ್ಥ ಎಂದರು ಚೌಗುಲೆ. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರ್ ತಲೆ ಎತ್ತದೆ ಕೇಳಿದರು.

ಚೌಗುಲೆ ಯಂತ್ರದಿಂದ ಗದ್ದ ತೆಗೆದರು. ನಾನು ಬಾಗಿಲ ಬಳಿ ನಿಂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ.

"ದೋನ್ ವರ್ಷ ಝಾಲೀ," ಎಂದರು. ಎರಡು ವರ್ಷ.